ಮುಂದಿನ ಸರ್ವರ್, ಹಿಂದಿನ ಸರ್ವರ್: ದೋಷದ ಮೂಲ ಪತ್ತೆಹಚ್ಚುವ ಬಗೆ

ಬಿಲ್ಲು ತಯಾರಿಕೆ, ದಾಸ್ತಾನು ಮತ್ತು ವಸೂಲಾತಿಗಳನ್ನು ಅಂತರಜಾಲದ ಮೂಲಕ ನಿರ್ವಹಿಸುವ ಸಂಸ್ಥೆಗಳಲ್ಲಿ ತಂತ್ರಾಂಶ ನಿಂತಿತೆಂದರೆ ವ್ಯವಹಾರವೇ ನಿಂತಂತೆ. ತಿಂಗಳ ಕೊನೆಯ ದಿನ ಪರದೆಯ ಮೇಲೆ ‘503’ ಎಂಬ ಸಂಖ್ಯೆ ಮೂಡಿದೊಡನೆ ಬಹುತೇಕ ಕಚೇರಿಗಳಲ್ಲಿ ಕೈಗೊಳ್ಳುವ ಮೊದಲ ಕ್ರಮವೆಂದರೆ ಸರ್ವರನ್ನು ನಿಲ್ಲಿಸಿ ಪುನಃ ಚಾಲನೆ ಮಾಡುವುದು. ಅನೇಕ ವೇಳೆ ಕೆಲಸ ಮತ್ತೆ ಆರಂಭವಾಗುತ್ತದೆ. ಆದರೆ ಸರ್ವರಿನ ಸ್ಮೃತಿಯಲ್ಲಿದ್ದ ಸಾಕ್ಷ್ಯ ಅಳಿಸಿಹೋಗುತ್ತದೆ. ಮುಂದಿನ ತಿಂಗಳ ಕೊನೆಗೆ ಅದೇ ದೋಷ ಮರಳಿ ಬರುತ್ತದೆ.

ವ್ಯವಸ್ಥೆಯ ಸ್ವರೂಪ

ಜಾವಾ ಆಧಾರಿತ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಎರಡು ಸರ್ವರ್‌ಗಳಿರುತ್ತವೆ. ಅಪಾಚೆಯಂತಹ ವೆಬ್ ಸರ್ವರ್ ಮುಂದೆ ನಿಂತು ಗ್ರಾಹಕರ ಕೋರಿಕೆಯನ್ನು ಸ್ವೀಕರಿಸುತ್ತದೆ. ಹಿಂದಿರುವ ಟಾಮ್‌ಕ್ಯಾಟ್‌ನಂತಹ ಅಪ್ಲಿಕೇಶನ್ ಸರ್ವರ್ ಲೆಕ್ಕಾಚಾರ ಮಾಡಿ, ದತ್ತಸಂಚಯದಲ್ಲಿ ದಾಖಲಿಸಿ, ಉತ್ತರವನ್ನು ಹಿಂದಿರುಗಿಸುತ್ತದೆ. ಇವೆರಡರ ನಡುವಿನ ಸಂಪರ್ಕ ರೂಢಿಯಂತೆ 8080ನೇ ಪೋರ್ಟಿನಲ್ಲಿ ಎಚ್‌ಟಿಟಿಪಿ ಮೂಲಕ ಅಥವಾ 8009ನೇ ಪೋರ್ಟಿನಲ್ಲಿ ಎಜೆಪಿ ಮೂಲಕ ನಡೆಯುತ್ತದೆ. ಗ್ರಾಹಕನಿಗೆ ಕಾಣುವುದು ಮುಂದಿನ ಸರ್ವರ್ ಮಾತ್ರ. ದೋಷವಿರುವುದು ಬಹುಪಾಲು ಹಿಂದೆ ಅಥವಾ ನಡುವೆ.

ಸಂಖ್ಯೆಗಳ ಅರ್ಥ

502 ಎಂದರೆ ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಬರಲಿಲ್ಲ. 503 ಎಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ. ಹಿಂದಿನ ಸರ್ವರ್ ನಿಂತಿರಬಹುದು ಅಥವಾ ಸಂಪರ್ಕ ಕಡಿದಿರಬಹುದು. 504 ಎಂದರೆ ನಿಗದಿತ ಅವಧಿಯೊಳಗೆ ಉತ್ತರ ಬರಲಿಲ್ಲ.

ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕಾದದ್ದು 504. ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಕೆಲಸ ಆಗಲಿಲ್ಲವೆಂದು ಅರ್ಥವಲ್ಲ. ಮುಂದಿನ ಸರ್ವರ್ 60 ಸೆಕೆಂಡು ಕಾದು ಕೈಬಿಟ್ಟಿರಬಹುದು. ಹಿಂದಿನದು 75ನೇ ಸೆಕೆಂಡಿಗೆ ಬಿಲ್ಲನ್ನು ದಾಖಲಿಸಿಯೇ ಇರಬಹುದು. ಇದನ್ನರಿಯದ ಗುಮಾಸ್ತ ಮತ್ತೊಮ್ಮೆ ಗುಂಡಿ ಒತ್ತಿದರೆ ಒಂದೇ ಮಾರಾಟಕ್ಕೆ ಎರಡು ಬಿಲ್ಲುಗಳಾಗುತ್ತವೆ. ದಾಸ್ತಾನು, ತೆರಿಗೆ ಮತ್ತು ಗ್ರಾಹಕನ ಖಾತೆ ಮೂರೂ ತಪ್ಪುತ್ತವೆ. ಪ್ರತಿ ಸಲ್ಲಿಕೆಗೂ ಪ್ರತ್ಯೇಕ ಗುರುತು ಸಂಖ್ಯೆ ನೀಡಿ, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ದತ್ತಸಂಚಯವೇ ನಿರಾಕರಿಸುವ ವ್ಯವಸ್ಥೆ ಇದಕ್ಕೆ ತಕ್ಕ ಪರಿಹಾರ.

ಎರಡು ಪುಸ್ತಕಗಳ ತಾಳೆ

ದೋಷ ಪತ್ತೆಯ ಕ್ರಮ ಲೆಕ್ಕಿಗರಿಗೆ ಹೊಸದಲ್ಲ. ಅದು ಬ್ಯಾಂಕ್ ಸಮನ್ವಯ ಪಟ್ಟಿಯ ಕ್ರಮವೇ ಆಗಿದೆ. ಎರಡೂ ಸರ್ವರ್‌ಗಳಲ್ಲಿ ಪ್ರತಿ ಕೋರಿಕೆಯನ್ನು ಲಾಗ್ ಕಡತದಲ್ಲಿ ಬರೆದಿಡಬಹುದು. ನಗದು ಪುಸ್ತಕವನ್ನು ಪಾಸ್ ಪುಸ್ತಕದೊಡನೆ ತಾಳೆ ನೋಡುವಂತೆ ಈ ಎರಡನ್ನೂ ಸಾಲುಸಾಲಾಗಿ ಹೋಲಿಸಬೇಕು. ಮುಂದಿನ ಪುಸ್ತಕದಲ್ಲಿದ್ದು ಹಿಂದಿನದರಲ್ಲಿ ಇಲ್ಲದಿದ್ದರೆ, ಕೋರಿಕೆ ದಾರಿಯಲ್ಲೇ ತಡೆಯಲ್ಪಟ್ಟಿರುವ ಸಂಭವ ಹೆಚ್ಚು. ಎರಡರಲ್ಲೂ ಇದ್ದು ಹಿಂದಿನದರಲ್ಲಿ ದೀರ್ಘಾವಧಿ ಕಂಡರೆ, ತೊಂದರೆ ತಂತ್ರಾಂಶದಲ್ಲಿ ಅಥವಾ ದತ್ತಸಂಚಯದಲ್ಲಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಎರಡೂ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಎರಡನೆಯದು ಮಾನದ ವಿಚಾರ: ‘%ಡಿ’ ಎಂಬ ಒಂದೇ ಸಂಕೇತ ಅಪಾಚೆಯಲ್ಲಿ ಅವಧಿಯನ್ನು ಮೈಕ್ರೊಸೆಕೆಂಡಿನಲ್ಲಿ ಬರೆದರೆ, ಟಾಮ್‌ಕ್ಯಾಟ್ 9ರಲ್ಲಿ ಮಿಲಿಸೆಕೆಂಡಿನಲ್ಲಿ ಬರೆಯುತ್ತದೆ. ರೂಪಾಯಿ ಮತ್ತು ಪೈಸೆಗಳನ್ನು ಒಂದೇ ಅಂಕಣದಲ್ಲಿ ಕೂಡಿದಂತಾಗಬಾರದು.

ಪದೇ ಪದೇ ಕಾಣುವ ಕಾರಣಗಳು

ಟಾಮ್‌ಕ್ಯಾಟ್ ಮೂಲ ಹೊಂದಿಕೆಯಲ್ಲಿ ಗರಿಷ್ಠ 200 ಥ್ರೆಡ್‌ಗಳನ್ನು ಬಳಸುತ್ತದೆ; ಅಂದರೆ 200 ಕೌಂಟರುಗಳಿರುವ ಕಚೇರಿಯಿದ್ದಂತೆ. ದತ್ತಸಂಚಯದ ಒಂದು ನಿಧಾನ ಪ್ರಶ್ನೆಗಾಗಿ ಅವೆಲ್ಲವೂ ಕಾಯತೊಡಗಿದರೆ, ಸರ್ವರ್ ಚಾಲನೆಯಲ್ಲಿದ್ದೂ ಉತ್ತರಿಸದು. ಇಂತಹ ವೇಳೆ ಪುನಃ ಚಾಲನೆಗೆ ಮೊದಲು ಹತ್ತು ಸೆಕೆಂಡಿಗೊಂದರಂತೆ ಮೂರು ‘ಥ್ರೆಡ್ ಡಂಪ್’ ತೆಗೆದಿಡಬೇಕು. ಎಲ್ಲ ಕೌಂಟರುಗಳೂ ಯಾವುದಕ್ಕಾಗಿ ಕಾದಿವೆಯೆಂದು ಅವು ತಿಳಿಸುತ್ತವೆ. ಇದಕ್ಕೆ ತಗಲುವುದು ಒಂದು ನಿಮಿಷಕ್ಕಿಂತ ಕಡಿಮೆ.

ಎರಡನೆಯ ಕಾರಣ ಆವೃತ್ತಿಯ ಬದಲಾವಣೆ. 2020ರ ಫೆಬ್ರವರಿಯಲ್ಲಿ ‘ಘೋಸ್ಟ್‌ಕ್ಯಾಟ್’ ಎಂಬ ಭದ್ರತಾ ಲೋಪ ಬಹಿರಂಗವಾದ ಬಳಿಕ ಟಾಮ್‌ಕ್ಯಾಟ್ 9.0.31ರಿಂದ ಎಜೆಪಿ ಸಂಪರ್ಕವನ್ನು ಮೂಲ ಹೊಂದಿಕೆಯಲ್ಲಿ ಮುಚ್ಚಲಾಯಿತು. ತೆರೆದರೂ ರಹಸ್ಯಪದ ಕಡ್ಡಾಯವಾಯಿತು. ಹಳೆಯ ಹೊಂದಿಕೆಯನ್ನು ಪರಿಷ್ಕರಿಸದೆ ಹೊಸ ಆವೃತ್ತಿಗೆ ಬದಲಾಯಿಸಿದಲ್ಲಿ ಸಂಪರ್ಕ ಕಡಿಯುತ್ತದೆ. ಆಗ ರಕ್ಷಣೆಯನ್ನೇ ತೆಗೆದುಹಾಕುವುದು ಪರಿಹಾರವಲ್ಲ. ಎರಡೂ ಕಡೆ ಒಂದೇ ರಹಸ್ಯಪದವನ್ನು ನಮೂದಿಸುವುದು ಪರಿಹಾರ.

ಇನ್ನೊಂದು ಅಂಶ: ಹಿಂದಿನ ಸರ್ವರ್ ಸಿಗದಿದ್ದಾಗ ಅಪಾಚೆಯ ಪ್ರಾಕ್ಸಿ ವ್ಯವಸ್ಥೆ, ಮೂಲ ಹೊಂದಿಕೆಯಂತೆ, 60 ಸೆಕೆಂಡುಗಳವರೆಗೆ ಮತ್ತೆ ಪ್ರಯತ್ನಿಸುವುದಿಲ್ಲ. ಟಾಮ್‌ಕ್ಯಾಟ್ ಸಿದ್ಧವಾದ ಮೇಲೂ ಸ್ವಲ್ಪ ಹೊತ್ತು 503 ಕಾಣುವುದುಂಟು. ಆ ಒಂದು ನಿಮಿಷದ ತಾಳ್ಮೆಯಿಲ್ಲದೆ ಮತ್ತೊಮ್ಮೆ ಸರ್ವರ್ ನಿಲ್ಲಿಸುವುದು ಅನಗತ್ಯ.

ಆಡಳಿತ ವರ್ಗದ ಹೊಣೆ

ಇದನ್ನು ಕೇವಲ ತಂತ್ರಜ್ಞರ ವಿಷಯವೆಂದು ಬದಿಗಿಡುವಂತಿಲ್ಲ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನಗಳು ಕಂಪನಿಗಳೂ ಸೇರಿದಂತೆ ಕಾಯಿದೆಯಲ್ಲಿ ಹೇಳಿದ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಪಾಡಬೇಕೆಂದೂ ಗಡಿಯಾರಗಳನ್ನು ಅಧಿಕೃತ ಕಾಲಮಾನಕ್ಕೆ ಹೊಂದಿಸಬೇಕೆಂದೂ ವಿಧಿಸುತ್ತವೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ಬದಲಾವಣೆಯ ಜಾಡನ್ನೂ ದಾಖಲಿಸಬೇಕಾಗಿದೆ. ಹೀಗಾಗಿ ಕಂಪನಿಯ ಪುಸ್ತಕದಲ್ಲಿ ಎರಡು ಬಾರಿ ನಮೂದಾದ ಬಿಲ್ಲನ್ನು ಸದ್ದಿಲ್ಲದೆ ಅಳಿಸಲಾಗದು. ಲೆಕ್ಕಪರಿಶೋಧನೆಯ ವೇಳೆ ಅದಕ್ಕೆ ವಿವರಣೆ ನೀಡಬೇಕಾಗುತ್ತದೆ.

ಆದುದರಿಂದ ತಂತ್ರಾಂಶ ಪೂರೈಕೆದಾರರೊಡನೆ ನಿರ್ವಹಣಾ ಒಪ್ಪಂದ ನವೀಕರಿಸುವಾಗ ಒಂದು ಷರತ್ತನ್ನು ಸೇರಿಸುವುದು ಸೂಕ್ತ: ಪ್ರತಿ ಸ್ಥಗಿತದ ನಂತರ ವೇಳೆ, ದೋಷ ಸಂಖ್ಯೆ, ಎರಡೂ ಲಾಗ್‌ಗಳ ತಾಳೆ ಹಾಗೂ ಕಂಡುಬಂದ ಕಾರಣವನ್ನು ಒಂದು ಪುಟದಲ್ಲಿ ಲಿಖಿತವಾಗಿ ಒಪ್ಪಿಸಬೇಕು. 504 ಕಾಣಿಸಿಕೊಂಡ ದಿನ ಸಂಜೆ ಬಿಲ್ಲುಗಳ ಪಟ್ಟಿಯನ್ನು ರವಾನೆಯಾದ ಸರಕಿನೊಡನೆ ಹೋಲಿಸುವುದು ಲೆಕ್ಕ ವಿಭಾಗದ ಕೆಲಸವಾಗಬೇಕು. ‘ರೀಸ್ಟಾರ್ಟ್ ಮಾಡಿದೆವು, ಸರಿಯಾಯಿತು’ ಎಂಬ ಉತ್ತರ, ವ್ಯತ್ಯಾಸದ ಮೊತ್ತವನ್ನು ಅನಾಮತು ಖಾತೆಗೆ ಹಾಕಿ ಪುಸ್ತಕ ಮುಚ್ಚಿದಂತೆ. ಅದನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ, ಮಾಲೀಕರೂ ಒಪ್ಪಬೇಕಾಗಿಲ್ಲ.