ಗೂಡಿನಿಂದ ಮಗ್ಗದವರೆಗೆ

ನಂಜನಗೂಡು ಮತ್ತು ತಿ. ನರಸೀಪುರಗಳ ನಡುವಿನ ಹದಿನಾರು, 1399ರಲ್ಲಿ ಯದುರಾಯರು ಮೈಸೂರು ಅರಸುಮನೆತನಕ್ಕೆ ಬುನಾದಿ ಹಾಕಿದರೆಂಬ ಐತಿಹ್ಯದೊಂದಿಗೆ ಹೆಣೆದುಕೊಂಡ ಊರು. ಇಲ್ಲಿಂದ ನರಸೀಪುರಕ್ಕೆ ಹೊರಟವರು ಸಾಮಾನ್ಯವಾಗಿ ಸಂಗಮದಲ್ಲಿ ಮಿಂದು, ಗುಂಜಾ ನರಸಿಂಹಸ್ವಾಮಿಯ ದರ್ಶನ ಪಡೆದು ಮರಳುತ್ತಾರೆ. ಅದೇ ಊರಿನಲ್ಲಿ ಮೈಸೂರು ರೇಷ್ಮೆಯ ನೂಲು ತಯಾರಾಗುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ.

ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ ಇಲ್ಲಿದೆ. ರೇಷ್ಮೆಹುಳು ತನ್ನ ಗೂಡನ್ನು ಒಂದೇ ಎಳೆಯಿಂದ ಸುತ್ತಿರುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಅದರ ಉದ್ದ ಸುಮಾರು 1 ಕಿಲೋಮೀಟರ್! ಬಿಸಿನೀರಿನಲ್ಲಿ ಬೇಯಿಸಿದಾಗ ಗೂಡಿನ ಅಂಟು ಸಡಿಲವಾಗುತ್ತದೆ. ಆಗ ಎಳೆಯ ತುದಿ ಹಿಡಿಯಬೇಕು. ಒಂದೇ ಎಳೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳು. ಹಲವು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಒಂದು ಗೂಡು ಮುಗಿದೊಡನೆ ಇನ್ನೊಂದರ ತುದಿ ಸೇರಿಸದಿದ್ದರೆ ನೂಲು ಅಲ್ಲಿ ಸೊರಗುತ್ತದೆ, ಆ ದೋಷ ಬಟ್ಟೆಯವರೆಗೂ ಹೋಗುತ್ತದೆ.

ಮುಂದಿನ ಕೆಲಸ ಮೈಸೂರಿನಲ್ಲಿ. 1912ರಲ್ಲಿ ಆರಂಭವಾದ ಅಲ್ಲಿನ ಕಾರ್ಖಾನೆಯಲ್ಲಿ ಇಂದು ಸೀರೆ ನೇಯುವುದು ವಿದ್ಯುತ್ ಮಗ್ಗ. ಅದು ಕೈಮಗ್ಗದ್ದೆಂದು ನಂಬಿದವರು ಬಹಳ. ನಮ್ಮ ಮನೆಯವರೂ ಹಾಗೆಯೇ ನಂಬಿದ್ದರು. ಅಪ್ಪಟ ರೇಷ್ಮೆಗೆ ಇದರಿಂದ ಕುಂದೇನೂ ಇಲ್ಲ. ಆದರೆ ಕೈಮಗ್ಗವನ್ನೇ ನೋಡುವ ಆಸೆಯಿದ್ದರೆ ನರಸೀಪುರದಿಂದ ಕೊಳ್ಳೇಗಾಲದ ಬಸ್ಸು ಹಿಡಿಯಿರಿ. ಕೈನೇಯ್ಗೆಯ ರೇಷ್ಮೆ ಸೀರೆಗೆ ಹೆಸರಾದ ಊರದು. ಅಲ್ಲಿ ಕೊಳ್ಳುವ ಮುನ್ನ ಯಾವ ಮಗ್ಗದ್ದೆಂದು ಕೇಳಿ, 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ನೋಡಿ. ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ ಹೆಸರಿನಲ್ಲಿ ಬಿಕರಿಯಾದಾಗ ದಿನಗಟ್ಟಲೆ ಕುಳಿತು ನೇಯ್ದವನ ಕೂಲಿ ಕರಗುತ್ತದೆ.