ಕತ್ತಲಲ್ಲಿ ಕಣ್ಣು ಕಾಯುವ ಕೆಂಪು ಟಾರ್ಚ್

ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. 2022ರಲ್ಲಿ ಸುತ್ತಲಿನ ಪ್ರದೇಶವನ್ನು ‘ಡಾರ್ಕ್ ಸ್ಕೈ ರಿಸರ್ವ್’ ಎಂದು ಘೋಷಿಸಲಾಯಿತು. ಇಂಥ ಕಡೆ ನಕ್ಷತ್ರ ನೋಡಲು ನೆರೆದವರ ನಡುವೆ ಯಾರಾದರೂ ಮೊಬೈಲ್ ಟಾರ್ಚ್ ಹೊತ್ತಿಸಿದರೆ ಸಾಕು, ಎಲ್ಲರಿಗೂ ಕಿರಿಕಿರಿ.

ಕಾರಣ ಕಣ್ಣಿನೊಳಗಿದೆ. ಮಬ್ಬುಗತ್ತಲಲ್ಲಿ ನೋಟಕ್ಕೆ ಆಸರೆಯಾಗುವುದು ಅಕ್ಷಿಪಟಲದ ದಂಡಕೋಶಗಳು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಪ್ರಖರ ಬೆಳಕಿಗೆ ಒಡೆದುಹೋಗುತ್ತದೆ. ಮತ್ತೆ ಕೂಡಿಕೊಳ್ಳಲು 20ರಿಂದ 30 ನಿಮಿಷ ಬೇಕು.

ಆದರೆ ಈ ಕೋಶಗಳಿಗೊಂದು ಕುರುಡು ಮೂಲೆಯಿದೆ. 500 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿ-ಹಸಿರಿಗೆ ಚುರುಕಾಗಿರುವ ಅವು, 650 ದಾಟಿದ ಕಡುಗೆಂಪಿಗೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲ. ಆ ಬೆಳಕಿನಲ್ಲಿ ಅಕ್ಷಿಪಟಲದ ಇನ್ನೊಂದು ಬಗೆಯ ಕೋಶಗಳಾದ ಶಂಕುಕೋಶಗಳು ಓದುವ ಕೆಲಸ ನೋಡಿಕೊಳ್ಳುತ್ತವೆ. ಎರಡನೆಯ ಮಹಾಯುದ್ಧದಲ್ಲಿ ರಾತ್ರಿ ಹಾರಾಟಕ್ಕೆ ಮುನ್ನ ಪೈಲಟ್‌ಗಳು ಕೆಂಪು ಕನ್ನಡಕ ಧರಿಸುತ್ತಿದ್ದುದು ಇದಕ್ಕೇ.

ಕೆಂಪಾದ ಮಾತ್ರಕ್ಕೆ ಎಲ್ಲವೂ ಸರಿಹೋಗದು; ಅದು ಮಂದವಾಗಿಯೂ ಇರಬೇಕು. ಕಣ್ಣು ಕುಕ್ಕುವ ಕೆಂಪು ಎಲ್‌ಇಡಿಗಿಂತ ತೀರಾ ಮಂದವಾದ ಬಿಳಿ ಬೆಳಕೇ ವಾಸಿ. ಇನ್ನೊಂದು ತೊಡಕು ಚಾರಣಿಗರದ್ದು: ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತಿಸಿದ ದಾರಿ ಕೆಂಪು ಬೆಳಕಿನಲ್ಲಿ ಮಾಯವಾಗುತ್ತದೆ. ಹೆಡ್‌ಲ್ಯಾಂಪ್ ಕೊಳ್ಳುವಾಗ ಕೆಂಪು ದೀಪಕ್ಕೆ ಪ್ರತ್ಯೇಕ ಗುಂಡಿ ಇದೆಯೇ ನೋಡಬೇಕು. ಬಿಳಿಯನ್ನು ದಾಟಿಯೇ ಕೆಂಪಿಗೆ ಬರುವ ಮಾದರಿಗಳಿಂದ ಪ್ರಯೋಜನ ಕಡಿಮೆ. ಹಳೆಯ ಟಾರ್ಚ್ ಇದ್ದರೆ ಗಾಜಿಗೆ ಕೆಂಪು ಸೆಲೊಫೇನ್ ಹಾಳೆಯನ್ನು ಎರಡು-ಮೂರು ಪದರ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದರೂ ಕೆಲಸ ನಡೆಯುತ್ತದೆ.