ಮಬ್ಬಿನಲ್ಲಿ ಕಾಣುವುದು

ಕ್ಯಾಮರಾದ ಮಸೂರದ ಪಕ್ಕದಲ್ಲಿದ್ದ ಪುಟ್ಟ ಗುಂಡಿಯೊಂದನ್ನು ನಾನು ಬಹುಕಾಲ ಅಲಕ್ಷಿಸಿದ್ದೆ. ಒತ್ತಿದೊಡನೆ ನೋಟವೆಲ್ಲ ಮಬ್ಬಾಗುತ್ತಿತ್ತು, ಕೆಟ್ಟಿರಬೇಕೆಂದು ಭಾವಿಸಿದ್ದೆ.

ಒಮ್ಮೆ ಹಿತ್ತಿಲಲ್ಲಿ ಕುಳಿತಿದ್ದ ತಾಯಿಯವರ ಚಿತ್ರ ತೆಗೆದೆ. ನೋಟದ ಕಿಂಡಿಯಲ್ಲಿ ಅವರ ಮುಖವೊಂದೇ ಸ್ಫುಟವಾಗಿತ್ತು, ಹಿಂದಿನದೆಲ್ಲ ಮಂಜು. ಚಿತ್ರ ಅಚ್ಚಾಗಿ ಬಂದಾಗಲಾದರೋ, ಹಗ್ಗದ ಮೇಲಿನ ಒದ್ದೆ ಬಟ್ಟೆಗಳೂ ಗೋಡೆಯ ಬಿರುಕೂ ಅವರ ಮುಖದಷ್ಟೇ ನಿಚ್ಚಳವಾಗಿದ್ದವು. ಇನ್ನೊಂದು ಚಿತ್ರ ತೆಗೆಯುವ ಭಾಗ್ಯ ನನಗೆ ಒದಗಲಿಲ್ಲ.

ಕಾರಣ ತಿಳಿದದ್ದು ತಡವಾಗಿ. 1959ರಲ್ಲಿ ಬಂದ ನಿಕಾನ್ ಎಫ್‌ನಂತಹ ಕ್ಯಾಮರಾಗಳಲ್ಲಿ, ನಾವು ನೋಡುವಾಗ ಅಪರ್ಚರ್ ಎಂಬ ಬೆಳಕಿಂಡಿ ಪೂರ್ಣ ತೆರೆದಿರುತ್ತದೆ. ಗೊತ್ತುಪಡಿಸಿದ ಅಳತೆಗೆ ಅದು ಕಿರಿದಾಗುವುದು ಚಿತ್ರ ತೆಗೆಯುವ ಕ್ಷಣದಲ್ಲಿ ಮಾತ್ರ. ಬೆಳಕಿಂಡಿ ಕಿರಿದಾದಷ್ಟೂ ಸ್ಫುಟತೆಯ ಆಳ, ಎಂದರೆ ಡೆಪ್ತ್ ಆಫ್ ಫೀಲ್ಡ್, ಹೆಚ್ಚುತ್ತದೆ. ಹಿಂದುಮುಂದಿನ ವಸ್ತುಗಳೂ ನಿಚ್ಚಳವಾಗುತ್ತವೆ. ಈ ಗುಂಡಿ ಬೆಳಕಿಂಡಿಯನ್ನು ಮೊದಲೇ ಕಿರಿದುಗೊಳಿಸಿ, ಮೂಡಲಿರುವ ಚಿತ್ರವನ್ನೇ ತೋರಿಸುತ್ತದೆ. ಎಫ್/2ರಿಂದ ಎಫ್/16ಕ್ಕೆ ಇಳಿದರೆ ಒಳಬರುವ ಬೆಳಕು 64ರಲ್ಲಿ ಒಂದು ಪಾಲು, ಮಬ್ಬಾಗದೆ ಗತಿಯಿಲ್ಲ. ಆ ಮಬ್ಬಿಗೆ ಕಣ್ಣು ಒಗ್ಗುವವರೆಗೆ ತಾಳಿದವನಿಗೆ ಹಗ್ಗವೂ ಬಿರುಕೂ ಕಂಡೇ ಕಾಣುತ್ತವೆ.

ನಾನು ತಾಳಲಿಲ್ಲ. ಅಂಚು ಕತ್ತರಿಸಿ ಚಿತ್ರವನ್ನು ಚೊಕ್ಕಟಗೊಳಿಸೋಣವೆಂದು ಎಷ್ಟೋ ಸಲ ಕತ್ತರಿ ಹಿಡಿದಿದ್ದೆ. ಆದರೆ ಆ ಬಟ್ಟೆಗಳ ನಡುವೆ ಅವರು ನಿತ್ಯ ಉಡುತ್ತಿದ್ದ ಸೀರೆಯೂ ಇದೆ. ಈಗ ಮನಸ್ಸು ಬಾರದು.